ಮಲೆನಾಡಿನ ಮನೆಗೆ ಕೇಬಲ್‌ನವರ ಫೈಬರ್: ಮಳೆಗಾಲವನ್ನೂ ನೋಡಿ ಬರೆದ ರಿವ್ಯೂ

ಇಂಟರ್ನೆಟ್ ಹೇಗಿದೆ ಅಂತ ಕೇಳಿದರೆ ಪೇಟೆಯವರು ಸ್ಪೀಡ್ ಹೇಳುತ್ತಾರೆ. ನೂರು ಬರುತ್ತದೆ, ಇನ್ನೂರು ಬರುತ್ತದೆ ಎನ್ನುತ್ತಾರೆ, ಮುಳ್ಳು ತಿರುಗುವ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಸಾಗರ ತಾಲ್ಲೂಕಿನ ಒಳಗಿನ ಹಳ್ಳಿಗಳಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಕೇಳಬೇಕಾದ್ದು ಒಂದೇ. ಜುಲೈ ತಿಂಗಳಲ್ಲಿ ಮರ ಬಿದ್ದು ವೈರ್ ತುಂಡಾದರೆ ಸರಿ ಮಾಡಲಿಕ್ಕೆ ಯಾವಾಗ ಬರ್ತಾರೆ?

ನಮ್ಮ ಮನೆಗೆ ಫೈಬರ್, ಅಂದರೆ ಬೆಳಕಿನಲ್ಲಿ ಇಂಟರ್ನೆಟ್ ತರುವ ಗಾಜಿನ ಎಳೆಯ ವೈರ್, ಎಳೆದುಕೊಟ್ಟಿದ್ದು ಟಿವಿ ಕೇಬಲ್‌ನವರೇ. ದೊಡ್ಡ ಕಂಪನಿಯೊಂದರಿಂದ ಇಂಟರ್ನೆಟ್ ತಗೊಂಡು ಹಳ್ಳಿಗಳಿಗೆ ಹಂಚುತ್ತಾರೆ. ಅವರ ಹೆಸರನ್ನಾಗಲಿ ಕಂಪನಿಯ ಹೆಸರನ್ನಾಗಲಿ ಬರೆಯುವುದಿಲ್ಲ. ಹೊಗಳಿದ್ದಷ್ಟೇ ಬೈದಿದ್ದೂ ಇದೆ, ವಾರದ ಸಂತೆಯಲ್ಲಿ ಮುಖ ನೋಡಬೇಕು. ಆದರೆ ಈಗ ಮಲೆನಾಡಿನ ಬಹಳಷ್ಟು ಊರುಗಳಲ್ಲಿ ಇಂಥ ಕೇಬಲ್‌ನವರೇ ಮನೆಮನೆಗೆ ಫೈಬರ್ ಕೊಡುತ್ತಿದ್ದಾರೆ. ಹಾಗಾಗಿ ನಮ್ಮ ಕಥೆ ನಿಮಗೂ ಉಪಯೋಗಕ್ಕೆ ಬರಬಹುದು.

ಮೊದಲು ನಮ್ಮ ಮನೆ ಎಲ್ಲಿದೆ ಅಂತ ಹೇಳಬೇಕು. ಮೂರು ಕಡೆ ಗುಡ್ಡ, ಮುಂದೆ ಅಡಿಕೆ ತೋಟ. ಮೊಬೈಲ್ ಟವರ್ ಇರುವುದು ಗುಡ್ಡದ ಆಚೆ. ಅಂಗಳದಲ್ಲಿ ಒಂದು ಕಡ್ಡಿ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಾತಾಡಬೇಕಾದರೆ ಹಿಂದಿನ ಗುಡ್ಡದ ಮೇಲೆ ಗೇರು ಮರದ ಹತ್ತಿರ ಹೋಗಬೇಕಿತ್ತು. ಊರಿನ ಅರ್ಧ ಜನ ಸಂಜೆ ಅಲ್ಲೇ ಸಿಗುತ್ತಿದ್ದರು. 2020ರಲ್ಲಿ ಶಾಲೆ ಮುಚ್ಚಿ ಆನ್‌ಲೈನ್ ಕ್ಲಾಸ್ ಶುರುವಾದಾಗ ಮಕ್ಕಳು ಕೊಡೆ ಹಿಡಿದು, ಪ್ಲಾಸ್ಟಿಕ್ ಹಾಳೆ ಕಟ್ಟಿ, ಅದೇ ಗುಡ್ಡದಲ್ಲಿ ಕೂತು ಪಾಠ ಕೇಳಿದ್ದನ್ನು ನಾನು ನೋಡಿದ್ದೇನೆ. ಶರಾವತಿ ಹಿನ್ನೀರಿನ ಕಡೆಯಲ್ಲಂತೂ ನೆಟ್‌ವರ್ಕ್ ಕೊಡದಿದ್ದರೆ ಓಟು ಹಾಕುವುದಿಲ್ಲ ಅಂತ ಜನ ಅಭಿಯಾನವನ್ನೇ ಮಾಡಿದರು.

ಹಾಗಂತ ನಮ್ಮ ಮನೆಗೆ ಫೋನ್ ಹೊಸದಲ್ಲ. ನಾನು ಮದುವೆಯಾಗಿ ಬಂದಾಗಲೇ ಜಗಲಿಯಲ್ಲಿ ಲ್ಯಾಂಡ್‌ಲೈನ್ ಇತ್ತು. ಆಮೇಲೆ ಗೂಟಕ್ಕೆ ಆಂಟೆನಾ ಕಟ್ಟಿದ, ಕಂಬದ ತಂತಿ ಬೇಡದ ಡಬ್ಲ್ಯುಎಲ್‌ಎಲ್ ಫೋನ್ ಬಂತು. ದೇಶದಲ್ಲಿ ಮೊದಲ ಮೊಬೈಲ್ ಕರೆ ಆದದ್ದು 1995ರ ಜುಲೈ 31ಕ್ಕೆ, ಕೋಲ್ಕತ್ತದಿಂದ ದೆಹಲಿಗೆ. ಆಗ ಬಂದ ಕರೆಗೂ ದುಡ್ಡು ಕೊಡಬೇಕಿತ್ತು. 2003ರಲ್ಲಿ ಒಳಬರುವ ಕರೆ ಬಿಟ್ಟಿಯಾದ ಮೇಲೆಯೇ ಮೊಬೈಲು ನಮ್ಮಂಥವರ ಕೈಗೆ ಬಂದಿದ್ದು. ಫೋನ್ ಬಂತು, ಸಿಗ್ನಲ್ ಮಾತ್ರ ಗುಡ್ಡ ಇಳಿಯಲಿಲ್ಲ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಈಗ ಅದನ್ನು ಭಾರತ್‌ನೆಟ್ ಅನ್ನುತ್ತಾರೆ. ಅದು ಪಂಚಾಯಿತಿ ಕಟ್ಟಡದವರೆಗಿನ ಮಾತು. ಅಲ್ಲಿಂದ ಮನೆಗೆ ಎಳೆಯುವವರು ಯಾರು? ಆ ಜಾಗಕ್ಕೆ ಕೇಬಲ್‌ನವರು ಬಂದರು.

ಅವರಿಗೂ ಬೇರೆ ದಾರಿ ಇರಲಿಲ್ಲ ಅನ್ನಿ. 2019ರ ಫೆಬ್ರವರಿಯಲ್ಲಿ ಫೋನು, ಕೇಬಲ್ಲಿಗೆ ನಿಯಮ ಮಾಡುವ ಟ್ರಾಯ್‌ನ ಹೊಸ ದರ ಬಂತು. ಯಾವ ಪೇ ಚಾನೆಲ್ಲೂ ಇಲ್ಲದೆ ಬರೀ ಫ್ರೀ ಚಾನೆಲ್ ನೋಡಲಿಕ್ಕೇ 130 ರೂಪಾಯಿ ಮತ್ತು ಟ್ಯಾಕ್ಸು, ಬೇಕಾದ ಚಾನೆಲ್‌ಗಳಿಗೆ ಅದರ ಮೇಲೆ ಬೇರೆ ದುಡ್ಡು. ಜನ ಒಬ್ಬೊಬ್ಬರೇ ಕೇಬಲ್ ಬಿಡಿಸಿದರು. ವೈರ್ ಎಳೆಯಲಿಕ್ಕೆ ಗೊತ್ತಿದ್ದ ಹುಡುಗರು, ಯಾವ ಮನೆ ಎಲ್ಲಿದೆ ಅಂತ ಗೊತ್ತಿದ್ದ ಯಜಮಾನ. ಟಿವಿ ಬದಲು ಇಂಟರ್ನೆಟ್ ಮಾರತೊಡಗಿದರು.

ಇನ್ನು ಖರ್ಚಿನ ಮಾತು. ಜಾಹೀರಾತಿನಲ್ಲಿ 'ಇನ್‌ಸ್ಟಾಲೇಶನ್ ಫ್ರೀ' ಅಂತ ಇರುತ್ತದೆ. ಅದು ರಸ್ತೆ ಪಕ್ಕದ ಮನೆಗಳಿಗೆ. ನಮ್ಮ ಮನೆಗೆ ಟಾರ್ ರಸ್ತೆಯಿಂದ 600 ಮೀಟರ್ ವೈರ್ ಬೇಕಾಯಿತು. ಮೀಟರಿಗೆ 8 ರೂಪಾಯಿಯಂತೆ 4,800. ಮೋಡೆಮ್‌ಗೆ 2,500. ಎಲ್ಲ ಸೇರಿ 7,300 ರೂಪಾಯಿ ಮೊದಲೇ ಕೊಡಬೇಕು. ತಿಂಗಳ ಪ್ಲ್ಯಾನು 499, ಅದಕ್ಕೆ ನೂರಕ್ಕೆ 18 ಜಿಎಸ್‌ಟಿ ಸೇರಿ 589. ಪೇಟೆಯ ನೆಂಟರು ಬಾಯಿ ಬಿಟ್ಟು ನೋಡುತ್ತಾರೆ, ಅಷ್ಟು ದುಡ್ಡಾ ಅಂತ. ಗುಡ್ಡ ಹತ್ತಿ ಇಳಿಯುವವರಿಗೆ ಅದು ಜಾಸ್ತಿ ಅನ್ನಿಸುವುದಿಲ್ಲ.

ವೈರ್ ಬಂದ ದಾರಿ ನೋಡಬೇಕು. ಕರೆಂಟ್ ಕಂಬ, ಅಲ್ಲಿಂದ ಹಲಸಿನ ಮರ, ಹಲಸಿನಿಂದ ಮಾವು, ಮಾವಿನಿಂದ ನಮ್ಮ ತೋಟದ ಅಂಚಿನ ಅಡಿಕೆ ಮರಗಳು, ಕೊನೆಗೆ ಸೋಗೆ ಹೊದೆಸಿದ ಕೊಟ್ಟಿಗೆಯ ಮಾಡು. ನೆಲದಲ್ಲಿ ಹೂಳಿ ಕೊಡಿ ಎಂದರೆ ಖರ್ಚು ಮೂರು ಪಟ್ಟು ಎಂದರು. ಮರದಿಂದ ಮರಕ್ಕೆ ಕಟ್ಟಿದ ವೈರಿಗೆ ಶತ್ರುಗಳು ಎಷ್ಟು! ಮಂಗಗಳಿಗೆ ಅದು ಉಯ್ಯಾಲೆ. ಅಳಿಲು ಕಡಿಯುತ್ತದೆ. ಗಾಳಿಗೆ ಒಣ ಸೋಗೆ ಬಿದ್ದರೂ ಸಾಕು, ಜೋತು ಎಳೆಯುತ್ತದೆ. ಅಡಿಕೆ ಕೊನೆ ಕೊಯ್ಲಿನ ಹೊತ್ತಿಗಂತೂ ಮರ ಹತ್ತಿ ಕೊಯ್ಯುವ ಕೊನೆಗೌಡನಿಗೆ ಮೊದಲೇ ವೈರ್ ತೋರಿಸಿ ಇಡಬೇಕು. ಹೊಸದಾಗಿ ಹಾಕಿಸುವವರಿಗೆ ಒಂದು ಮಾತು. ವೈರ್ ಎಳೆಯುವ ದಿನ ನೀವೇ ಜೊತೆಗೆ ನಡೆಯಿರಿ. ಯಾವ ಮರ ಒಣಗಿದೆ, ಯಾವ ಕೊಂಬೆ ಈ ವರ್ಷ ಬೀಳುತ್ತದೆ ಅಂತ ನಿಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಅಲ್ಲಲ್ಲಿ ಒಂದೊಂದು ಸುತ್ತು ವೈರ್ ಜಾಸ್ತಿ ಬಿಟ್ಟು ಕಟ್ಟಿಸಿ. ಮುಂದೆ ತುಂಡಾದಾಗ ಜೋಡಿಸಲಿಕ್ಕೆ ಎಳೆದುಕೊಳ್ಳಬಹುದು.

ಮೋಡೆಮ್ ಎಲ್ಲಿ ಇಡುವುದು ಎನ್ನುವುದು ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ಹಳೇ ಮನೆ, ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ಹುಡುಗರು ವೈರ್ ಒಳಗೆ ಬಂದ ಜಾಗದಲ್ಲೇ, ಜಗಲಿಯ ಮೂಲೆಯಲ್ಲಿ ಮೊಳೆ ಹೊಡೆದು ಹೋಗುತ್ತಾರೆ. ಅಲ್ಲಿಂದ ನಡುಮನೆ ದಾಟಿ ಅಡುಗೆಮನೆಗೆ ಬರುವಷ್ಟರಲ್ಲಿ ಸಿಗ್ನಲ್ ಸತ್ತು ಹೋಗುತ್ತದೆ. ನಾನು ಹಠ ಹಿಡಿದು ನಡುಮನೆಯ ತೊಲೆಯ ಹತ್ತಿರ, ಎತ್ತರದಲ್ಲಿ ಹಾಕಿಸಿದೆ. ಈ ಮೋಡೆಮ್‌ನಲ್ಲಿ ಎರಡು ವೈಫೈ ಹೆಸರು ಕಾಣುತ್ತವೆ. 5 ಗಿಗಾಹರ್ಟ್ಸ್‌ನದು ವೇಗ ಜಾಸ್ತಿ, ಆದರೆ ಗೋಡೆ ದಾಟುವುದಿಲ್ಲ. 2.4ರದು ನಿಧಾನ, ಆದರೆ ಬಚ್ಚಲುಮನೆಯವರೆಗೂ ಬರುತ್ತದೆ. ದಪ್ಪ ಗೋಡೆಯ ಮನೆಯವರು ಕಣ್ಣು ಮುಚ್ಚಿ ಎರಡನೆಯದಕ್ಕೇ ಫೋನ್ ಸೇರಿಸಿಕೊಳ್ಳಿ.

ಈ ಕನೆಕ್ಷನ್ನಿಂದ ನಮಗಾದ ದೊಡ್ಡ ಲಾಭ ಯೂಟ್ಯೂಬೂ ಅಲ್ಲ, ಸಿನಿಮಾನೂ ಅಲ್ಲ. ವೈಫೈ ಕಾಲಿಂಗ್. ಟವರ್ ಸಿಗ್ನಲ್ ಇಲ್ಲದಿದ್ದರೂ ವೈಫೈ ಮೂಲಕವೇ ಮಾಮೂಲಿ ನಂಬರಿಗೆ ಕರೆ ಹೋಗುತ್ತದೆ, ಬರುತ್ತದೆ. ಬೇರೆ ಆ್ಯಪ್ ಬೇಡ, ಬೇರೆ ದುಡ್ಡು ಬೇಡ. ಏರ್‌ಟೆಲ್, ಜಿಯೋ ಇದನ್ನು ಶುರು ಮಾಡಿದ್ದು 2019ರ ಕೊನೆ, 2020ರ ಮೊದಲಿಗೆ. ಫೋನಿನ ಸೆಟ್ಟಿಂಗ್‌ನಲ್ಲಿ ಒಂದು ಗುಂಡಿ ಒತ್ತಿದರೆ ಆಯಿತು. ಆಶ್ಚರ್ಯ ಏನೆಂದರೆ, ಕನೆಕ್ಷನ್ ಕೊಡಲು ಬಂದ ಹುಡುಗರು ಇದನ್ನು ಹೇಳಲೇ ಇಲ್ಲ. ಬೆಂಗಳೂರಿನಲ್ಲಿ ಓದುವ ಮಗಳು ರಜೆಗೆ ಬಂದಾಗ ಎಲ್ಲರ ಫೋನಿನಲ್ಲೂ ಆನ್ ಮಾಡಿಕೊಟ್ಟಳು. ಆವತ್ತು ಅತ್ತೆ ಒಲೆ ಮುಂದೆ ಕೂತೇ ತಂಗಿಯ ಜೊತೆ ಮುಕ್ಕಾಲು ಗಂಟೆ ಮಾತಾಡಿದರು. ಹಾಲು ಉಕ್ಕಿತು. ಯಾರೂ ಬೈಯಲಿಲ್ಲ.

ಒಂದು ತೊಂದರೆ ಇದೆ. ವೈಫೈನಲ್ಲಿ ಕರೆ ಚೆನ್ನಾಗಿ ಬರುತ್ತದೆ, ಓಟಿಪಿ ಮೆಸೇಜು ಮಾತ್ರ ಕೆಲವೊಮ್ಮೆ ಬರುವುದೇ ಇಲ್ಲ. ಬ್ಯಾಂಕಿನ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಆಮೇಲೆ ವೈಫೈ ಮಾತ್ರ ಆನ್ ಮಾಡಿದರೆ ಹೆಚ್ಚಿನ ಸಲ ಸರಿಯಾಗುತ್ತದೆ. ಅಂಗಳದಲ್ಲಿ ಬರುವ ಆ ಒಂದು ಕಡ್ಡಿ ಸಿಗ್ನಲ್ಲೇ ಫೋನಿನ ತಲೆ ಕೆಡಿಸುವುದು ಅಂತ ಮಗಳ ವಾದ.

ಇನ್ನು ಯಾರು ಏನು ಬಳಸುತ್ತಾರೆ? ನಮ್ಮ ಯಜಮಾನರಿಗೆ ಅಡಿಕೆ ಧಾರಣೆ. ಸಾಗರ, ಶಿವಮೊಗ್ಗ, ಶಿರಸಿ ಮಾರುಕಟ್ಟೆಗಳಲ್ಲಿ ರಾಶಿ ಎಷ್ಟು, ಚಾಲಿ ಎಷ್ಟು, ಬೆಟ್ಟೆ ಎಷ್ಟು ಅಂತ ಮಧ್ಯಾಹ್ನದ ಹೊತ್ತಿಗೆ ವಾಟ್ಸಾಪ್‌ನಲ್ಲಿ ಬಂದು ಬೀಳುತ್ತದೆ. ಮೊದಲು ಮರುದಿನದ ಪೇಪರಿನಲ್ಲಿ ನೋಡಬೇಕಿತ್ತು, ಪೇಪರ್ ಬರುವುದು ಬಸ್ಸಿನಲ್ಲಿ. ಮಳೆ ಮುನ್ಸೂಚನೆ ನೋಡದೆ ಈಗ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಹೊಡೆಸುವುದಿಲ್ಲ. ಬೋರ್ಡೋ ಹೊಡೆದು ಒಣಗುವ ಮೊದಲೇ ಮಳೆ ಹೊಡೆದರೆ ಔಷಧಿ, ಕೂಲಿ ಎರಡೂ ನೀರಿಗೆ. ಮುನ್ಸೂಚನೆ ಎಲ್ಲ ಸಲ ಸರಿಯಿರುತ್ತದೆ ಅಂತ ಅಲ್ಲ, ಗುಡ್ಡದ ಈ ಕಡೆ ಮಳೆ ಆ ಕಡೆ ಬಿಸಿಲು ಇರುವ ಊರು ನಮ್ಮದು. ಪಹಣಿ ಬೇಕಾದರೂ ಈಗ ಮನೆಯಲ್ಲೇ ತೆಗೆಯುತ್ತಾರೆ. ಅತ್ತೆಗೆ ತಾಳಮದ್ದಳೆ. ಸಂಜೆ ದೀಪ ಹಚ್ಚಿದ ಮೇಲೆ ಟಿವಿಗೆ ಯೂಟ್ಯೂಬ್ ಹಾಕಿಕೊಟ್ಟರೆ ಹತ್ತು ಗಂಟೆಯವರೆಗೆ ಅವರ ಸುದ್ದಿಗೆ ಯಾರೂ ಹೋಗಬಾರದು.

ನನಗೆ ಇದು ದುಡಿಮೆ. ನಾನು ಅಪ್ಪೆ ಮಾವಿನ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುತ್ತೇನೆ. ಆರ್ಡರ್ ಬರುವುದು ವಾಟ್ಸಾಪಿನಲ್ಲಿ, ದುಡ್ಡು ಬರುವುದು ಯುಪಿಐನಲ್ಲಿ, ಮಾಲು ಹೋಗುವುದು ಅಂಚೆಯಲ್ಲಿ ಅಥವಾ ಬಸ್ಸಿನಲ್ಲಿ. ಮೊದಲೆಲ್ಲ ಗುಡ್ಡದ ಮೇಲೆ ಹೋಗಿ ಒಟ್ಟಿಗೆ ಎಲ್ಲ ಮೆಸೇಜಿಗೂ ಉತ್ತರ ಕೊಡುತ್ತಿದ್ದೆ. ಅಷ್ಟರಲ್ಲಿ ಅರ್ಧ ಜನ ಬೇರೆ ಕಡೆ ತಗೊಂಡಾಗಿರುತ್ತಿತ್ತು. ಈಗ ಒಂದು ಕೈಯಲ್ಲಿ ಮಿಡಿ ಆರಿಸುತ್ತಾ ಇನ್ನೊಂದು ಕೈಯಲ್ಲಿ 'ಇದೆ, ಅರ್ಧ ಕೆಜಿ ಬಾಟಲಿ' ಅಂತ ಒತ್ತಿ ಕಳಿಸುತ್ತೇನೆ. ಮಿಡಿಯ ಫೋಟೋ ಕೇಳುವವರು ಜಾಸ್ತಿ. ತೊಟ್ಟು ಇದೆಯಾ, ಸೊನೆ ವಾಸನೆ ಹೇಗಿದೆ ಅಂತ ಕೇಳುತ್ತಾರೆ. ವಾಸನೆ ಕಳಿಸುವ ಪ್ಲ್ಯಾನ್ ಇನ್ನೂ ಬಂದಿಲ್ಲ.

ಕಂಪ್ಯೂಟರ್? ಇದೆ. ಸಂಘದ ಲೆಕ್ಕ ಬರೆಯಲಿಕ್ಕೆ ಅಂತ ತಂದದ್ದು. ಬಿಳಿ ಬಟ್ಟೆ ಹೊದ್ದು ಕೋಣೆಯಲ್ಲಿ ಕೂತಿದೆ. ತಿಂಗಳ ಕೊನೆಗೆ ಬಟ್ಟೆ ತೆಗೆಯುತ್ತೇನೆ, ಲೆಕ್ಕ ಮುಗಿದ ಮೇಲೆ ಮತ್ತೆ ಹೊದೆಸುತ್ತೇನೆ. ನಮ್ಮ ಮನೆ ಮಾತ್ರ ಅಲ್ಲ, ಇಡೀ ದೇಶದ ಕಥೆಯೂ ಹೀಗೇ. 2011ರ ಜನಗಣತಿಯಲ್ಲಿ ನೂರರಲ್ಲಿ 63 ಮನೆಗಳಲ್ಲಿ ಫೋನ್ ಇತ್ತು, ಕಂಪ್ಯೂಟರ್ ಇದ್ದದ್ದು 9.5 ಮನೆಗಳಲ್ಲಿ, ಅದಕ್ಕೆ ಇಂಟರ್ನೆಟ್ಟೂ ಇದ್ದದ್ದು ಬರೀ 3.1ರಲ್ಲಿ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆ ನೋಡಿದರೆ ಹಳ್ಳಿಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ನೂರಕ್ಕೆ 4.4ರಲ್ಲಿ, ಇಂಟರ್ನೆಟ್ ಸಿಗುತ್ತಿದ್ದದ್ದು 14.9ರಲ್ಲಿ. ಅಂದರೆ ಹಳ್ಳಿ ಜನ ಕಂಪ್ಯೂಟರಿಗೆ ಕಾಯಲಿಲ್ಲ. ನಡುವೆ 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಡೇಟಾ ದರ ಕುಸಿಯಿತು, ಎಲ್ಲ ಫೋನಿನಲ್ಲೇ ಆಯಿತು. ಆದರೂ ನಾನು ಒಂದು ಮಾತು ಹೇಳುತ್ತೇನೆ. ಲೆಕ್ಕ ಬರೆಯಲಿಕ್ಕೆ, ಅರ್ಜಿ ತುಂಬಲಿಕ್ಕೆ ಆ ಪುಟ್ಟ ಪರದೆ ಸಾಲುವುದಿಲ್ಲ. ಮಗಳ ಪರೀಕ್ಷೆಯ ಅರ್ಜಿಯನ್ನು ಫೋನಿನಲ್ಲಿ ತುಂಬಿಸಲಿಕ್ಕೆ ಹೋಗಿ ಫೋಟೋ ಸೈಜು ಸರಿಯಿಲ್ಲ ಅಂತ ಮತ್ತೆ ಮತ್ತೆ ತಿರಸ್ಕಾರವಾದಾಗ ಬಟ್ಟೆ ತೆಗೆದೇ ಬಿಟ್ಟೆವು.

ಸ್ಪೀಡಿನ ವಿಷಯ ಬೇಗ ಮುಗಿಸುತ್ತೇನೆ. ನಮ್ಮದು 40 ಎಂಬಿಪಿಎಸ್ ಪ್ಲ್ಯಾನು. ಬೆಳಿಗ್ಗೆ 38ರ ಆಸುಪಾಸು ಬರುತ್ತದೆ. ರಾತ್ರಿ ಎಂಟರಿಂದ ಹತ್ತರವರೆಗೆ 15ಕ್ಕೆ ಇಳಿಯುತ್ತದೆ, ಊರೆಲ್ಲ ಧಾರಾವಾಹಿ, ಕ್ರಿಕೆಟ್ ನೋಡುವ ಹೊತ್ತು. ಡೌನ್‌ಲೋಡ್ ಮಾಡುವಾಗ ಫೋನಿನಲ್ಲಿ ಬರೀ 5 ಅಂತ ತೋರಿಸುತ್ತದೆ, ಮೋಸ ಅಂತ ಜಗಳ ಆಡಬೇಡಿ. ಕಂಪನಿಯವರು ಹೇಳುವುದು ಬಿಟ್ ಲೆಕ್ಕ, ಫೋನ್ ತೋರಿಸುವುದು ಬೈಟ್ ಲೆಕ್ಕ, 8ರಿಂದ ಭಾಗಿಸಿದರೆ ಸರಿ ಹೋಗುತ್ತದೆ. ಮನೆಬಳಕೆಗೆ 15 ಬಂದರೂ ಧಾರಾಳ. ನೂರರ ಪ್ಲ್ಯಾನಿಗೆ ಏರಿಸಿ ಅಂತ ಹುಡುಗರು ಆಗಾಗ ಕೇಳುತ್ತಾರೆ. ಬೇಡ.

ಈಗ ನಿಜವಾದ ಪರೀಕ್ಷೆ, ಮಳೆಗಾಲ.

ಫೈಬರ್ ಹೋಯಿತು ಅಂತ ಗೊತ್ತಾಗುವುದು ಮೋಡೆಮ್‌ನಲ್ಲಿ ಎಲ್‌ಓಎಸ್ ಅಂತ ಬರೆದ ಕಡೆ ಕೆಂಪು ಲೈಟ್ ಮಿಟುಕಿದಾಗ. ಅಂದರೆ ವೈರಿನಲ್ಲಿ ಬೆಳಕೇ ಬರುತ್ತಿಲ್ಲ. ಕೆಂಪು ಇಲ್ಲದೆ ಬರೀ ನೆಟ್ ಇಲ್ಲದಿದ್ದರೆ ತೊಂದರೆ ಮೇಲೆ ಎಲ್ಲೋ ಇದೆ, ಕಾಯಬೇಕು. ಕೆಂಪು ಬಂದರೆ ವೈರ್ ಎಲ್ಲೋ ಹೋಗಿದೆ, ದೂರು ಕೊಡಬೇಕು. ದೂರು ಕೊಡುವುದು ಹೇಗೆ? ಅವರ ವಾಟ್ಸಾಪ್ ನಂಬರಿಗೆ ಮೆಸೇಜ್ ಹಾಕಬೇಕಂತೆ! ನೆಟ್ ಹೋಗಿದೆ ಅಂತ ಹೇಳಲಿಕ್ಕೆ ನೆಟ್ ಬೇಕು. ನಮ್ಮ ಮನೆಯಲ್ಲಿ ಕರೆಯೂ ವೈಫೈ ಮೇಲೇ ನಡೆಯುವುದು. ಹಾಗಾಗಿ ಮಳೆಯಲ್ಲಿ ಕೊಡೆ ಹಿಡಿದು ಮತ್ತೆ ಅದೇ ಗುಡ್ಡ. ಈ ವ್ಯವಸ್ಥೆ ಮಾಡಿದವರು ಟವರ್ ಇರುವ ಕಡೆ ಕೂತು ಯೋಚನೆ ಮಾಡಿದ್ದಾರೆ, ಅಷ್ಟೇ.

ಮೆಸೇಜ್ ಹೋದರೂ ಉತ್ತರ ಒಂದೇ, 'ಟೀಮ್ ಲೈನಲ್ಲಿದೆ'. ಟೀಮ್ ಅಂದರೆ ಇಬ್ಬರು ಹುಡುಗರು, ಒಂದು ಬೈಕು, ಹತ್ತಾರು ಹಳ್ಳಿ. ಸಣ್ಣ ಗಾಳಿಮಳೆಯಾದರೆ ಮರುದಿನ ಬರುತ್ತಾರೆ, ಅದನ್ನು ಒಪ್ಪಬೇಕು. ಜುಲೈನ ಒಂದು ದೊಡ್ಡ ಗಾಳಿಗೆ ನಮ್ಮ ಲೈನ್ ಒಂದು ವಾರದ ಮೇಲೆ ಸತ್ತಿತ್ತು. ಮುಖ್ಯ ಲೈನ್ ಮೊದಲು, ಒಂಟಿ ಮನೆ ಆಮೇಲೆ ಅನ್ನುವುದು ಅವರ ಲೆಕ್ಕ. ಅವರ ಜಾಗದಲ್ಲಿ ನಾನಿದ್ದರೂ ಅದೇ ಮಾಡುತ್ತಿದ್ದೆ. ಆದರೆ ಕನೆಕ್ಷನ್ ಕೊಡುವಾಗ ಅದನ್ನು ಹೇಳಬೇಕು ಅಲ್ವಾ? '24 ಗಂಟೆಯಲ್ಲಿ ಸರ್ವೀಸ್' ಅಂತ ಚೀಟಿಯಲ್ಲಿ ಅಚ್ಚು ಹಾಕಿಸಿದ್ದು ಯಾಕೆ?

ಹುಡುಗ ಬಂದ ದಿನ ಮಳೆ ನಿಂತಿರಲಿಲ್ಲ. ಬೈಕಿನ ಹಿಂದೆ ಪೆಟ್ಟಿಗೆಗೆ ರೇನ್‌ಕೋಟ್ ಸುತ್ತಿದ್ದ, ತಾನು ನೆನೆದಿದ್ದ. ಆ ಪೆಟ್ಟಿಗೆಯಲ್ಲಿ ಇರುವುದು ವೈರ್ ಬೆಸೆಯುವ ಮೆಶಿನ್ನು, ಬಹಳ ದುಬಾರಿ. "ಅಕ್ಕಾ, ಮೊದ್ಲು ಇದನ್ನ ಇಡ್ಲಿಕ್ಕೆ ಒಣ ಜಾಗ ಕೊಡಿ" ಎಂದ. ವೈರ್ ತುಂಡಾಗಿದ್ದು ಕೊಟ್ಟಿಗೆಯ ಪಕ್ಕದಲ್ಲೇ. ಎರಡು ತುದಿಯನ್ನೂ ಜಗಲಿಗೆ ಎಳೆದುಕೊಂಡ. ಮೇಲಿನ ಕಪ್ಪು ಸಿಪ್ಪೆ ಸೀಳಿದರೆ ಒಳಗೆ ಎರಡು ಸಣ್ಣ ಉಕ್ಕಿನ ತಂತಿ, ನಡುವೆ ತಲೆಕೂದಲಿನಂಥ ಗಾಜಿನ ಎಳೆ. ಅದರ ಮೇಲಿನ ಬಣ್ಣದ ಪೊರೆ ತೆಗೆದು, ಸ್ಪಿರಿಟ್ ಹಚ್ಚಿದ ಹತ್ತಿಯಲ್ಲಿ ಒರೆಸಿದ. ಪುಟ್ಟ ಕಟರಿನಲ್ಲಿ ಟಿಕ್ ಎಂದು ತುದಿ ಕತ್ತರಿಸಿದ. ಕತ್ತರಿಸಿ ಬಿದ್ದ ಚೂರನ್ನು ಅಂಟು ಟೇಪಿಗೆ ಅಂಟಿಸಿ ಇಟ್ಟುಕೊಂಡ. ಕಾಲಿಗೆ ಚುಚ್ಚಿದರೆ ಕಾಣುವುದೂ ಇಲ್ಲ, ತೆಗೆಯಲಿಕ್ಕೂ ಬರುವುದಿಲ್ಲ ಎಂದ. ಎರಡು ತುದಿಗಳನ್ನು ಮೆಶಿನ್ನಿನಲ್ಲಿ ಇಟ್ಟು ಮುಚ್ಚಿದಾಗ ಪರದೆಯಲ್ಲಿ ಅವು ಎರಡು ದಪ್ಪ ಕೊಳವೆಗಳ ಹಾಗೆ ಕಂಡವು. ತಾವೇ ಮೇಲೆ ಕೆಳಗೆ ಸರಿದು ಎದುರುಬದುರು ನಿಂತವು. ಒಂದು ಸಣ್ಣ ಕಿಡಿ. ಗೆರೆ ಮಾಯ. 0.02 ಅಂತ ನಂಬರು ಬಂತು, ಅಷ್ಟು ಕಡಿಮೆ ಬೆಳಕು ಸೋರುತ್ತದೆ ಅಂತ ಅರ್ಥ. ಕೂಡಿದ ಜಾಗಕ್ಕೆ ಕೊಳವೆ ಸರಿಸಿ ಬಿಸಿ ಮಾಡಿ ಕೂರಿಸಿದ.

ಆಮೇಲೆ ವೈರಿನಲ್ಲಿ ಬರುವ ಬೆಳಕಿನ ಬಲ ಅಳೆಯುವ ಮೀಟರ್ ಹಚ್ಚಿ ತೋರಿಸಿದ, ಮೈನಸ್ 22. ಮೈನಸ್ 20ರ ಸುತ್ತ ಇದ್ದರೆ ಚೆನ್ನ, ಮೈನಸ್ 27ಕ್ಕಿಂತ ಕೆಳಗೆ ಇಳಿದರೆ ಮೋಡೆಮ್ ಒದ್ದಾಡುತ್ತದೆ. ಈ ನಂಬರನ್ನು ಬರೆದಿಟ್ಟುಕೊಳ್ಳಿ. ಮುಂದೆ ನೆಟ್ ನಿಧಾನ ಅಂದಾಗ 'ನಿಮ್ಮ ಫೋನೇ ಸರಿಯಿಲ್ಲ' ಅಂತ ಹೇಳುವವರಿಗೆ ಮೀಟರ್ ಹಚ್ಚಿ ನೋಡಿ ಅಂತ ಹೇಳಬಹುದು. ಹುಡುಗನ ಕೆಲಸಕ್ಕೆ ನನ್ನ ಕಡೆಯಿಂದ ಐದಕ್ಕೆ ಐದು. "ತಮಾ, ಚಾ ಕುಡದು ಹೋಗು" ಎಂದು ಅತ್ತೆ ಕರೆದರು. ಇನ್ನೂ ನಾಲ್ಕು ಮನೆ ಇದೆ ಎಂದು ನಿಂತೇ ಕುಡಿದು ಹೋದ. ಅವನಿಗೆ ಸಂಬಳ ಎಷ್ಟು ಕೊಡುತ್ತಾರೋ, ನಾನು ಕೇಳಲಿಲ್ಲ.

ವೈರ್ ಸರಿಯಿದ್ದರೂ ಸಾಲುವುದಿಲ್ಲ, ಕರೆಂಟ್ ಬೇಕು. ಇದನ್ನು ಪೇಟೆಯ ರಿವ್ಯೂಗಳಲ್ಲಿ ಯಾರೂ ಬರೆಯುವುದಿಲ್ಲ. ಹಳೇ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನಿಂದಲೇ ತಾಮ್ರದ ತಂತಿಯಲ್ಲಿ ಕರೆಂಟ್ ಬರುತ್ತಿತ್ತು. ಮನೆ ಕತ್ತಲಾದರೂ ಫೋನ್ ಗುಂಯ್ ಅನ್ನುತ್ತಿತ್ತು. ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆ, ಕರೆಂಟ್ ಬರುವುದಿಲ್ಲ. ಮೋಡೆಮ್ ಆರಿದರೆ ನೆಟ್ಟೂ ಇಲ್ಲ, ಫೋನೂ ಇಲ್ಲ, ಅವರು ಜೊತೆಗೆ ಕೊಡುವ ಲ್ಯಾಂಡ್‌ಲೈನೂ ಇಲ್ಲ. ಅದಕ್ಕೆ ಮೋಡೆಮ್‌ಗೆಂದೇ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ, ಸಾವಿರದೈನೂರರ ಒಳಗೆ. ನಮ್ಮದು ಮೂರು ನಾಲ್ಕು ಗಂಟೆ ಎಳೆಯುತ್ತದೆ. ಇನ್ವರ್ಟರ್ ಇದ್ದರೂ ಇದನ್ನು ತಗೊಳ್ಳಿ.

ಆದರೆ ನಮ್ಮ ಮನೆಯಲ್ಲಿ ಬ್ಯಾಟರಿ ಇದ್ದು ಅವರ ಕಡೆ ಇಲ್ಲದಿದ್ದರೆ? ಅಷ್ಟೂ ಮನೆಗಳಿಗೆ ಬೆಳಕು ಕಳಿಸುವ ಪೆಟ್ಟಿಗೆ, ಓಎಲ್‌ಟಿ ಅನ್ನುತ್ತಾರೆ, ಹೋಬಳಿಯ ಊರಿನಲ್ಲಿ ಒಂದು ಕೋಣೆಯಲ್ಲಿದೆ. ಅಲ್ಲಿ ಕರೆಂಟ್ ಹೋಗಿ ಬ್ಯಾಟರಿ ಮುಗಿದರೆ ಎಲ್ಲ ಹಳ್ಳಿಯೂ ಒಟ್ಟಿಗೆ ಮಲಗುತ್ತದೆ. ಮೊದಲು ಹೀಗೆ ಆಗಾಗ ಆಗುತ್ತಿತ್ತು. ಜನ ಹೋಗಿ ಕೂಗಾಡಿದ ಮೇಲೆ ಜನರೇಟರ್ ತಂದರು, ಈಗ ಎಷ್ಟೋ ವಾಸಿ.

ಸಿಡಿಲಿನ ಬಗ್ಗೆ ಒಂದು ಮಾತು. ಫೈಬರಿಗೆ ಸಿಡಿಲು ಬಡಿಯುವುದಿಲ್ಲ ಅಂತ ಹೇಳಿ ಮಾರುತ್ತಾರೆ. ಗಾಜಿಗೆ ಇಲ್ಲ, ನಿಜ. ಅದರ ಪಕ್ಕದಲ್ಲಿರುವ ಉಕ್ಕಿನ ತಂತಿಗೆ? ಅಡಾಪ್ಟರ್ ಹಾಕಿದ ಪ್ಲಗ್ಗಿಗೆ? ಏಪ್ರಿಲ್ ಕೊನೆಯ ಗುಡುಗು ಮಳೆಗೆ ಪಕ್ಕದ ಮನೆಯವರ ಮೋಡೆಮ್ ಸುಟ್ಟಿತು. ಗ್ಯಾರಂಟಿಗೆ ಸಿಡಿಲು ಬರುವುದಿಲ್ಲ ಎಂದು 1,800 ತಗೊಂಡರು. ಗುಡುಗು ಕೇಳಿದ ಕೂಡಲೇ ಅಡಾಪ್ಟರ್ ಕೀಳಿ, ಕಂಪ್ಯೂಟರಿಗೆ ಹೋಗುವ ಲ್ಯಾನ್ ವೈರನ್ನೂ ತೆಗೆದಿಡಿ.

ಬಿಲ್ಲಿನ ವಿಷಯದಲ್ಲಿ ನನಗೆ ಸಮಾಧಾನವಿಲ್ಲ. ಲೈನ್ ಸತ್ತ ದಿನಗಳೂ ತಿಂಗಳ ಲೆಕ್ಕದಲ್ಲಿ ಸೇರುತ್ತವೆ. ಕೇಳಿದರೆ ಮುಂದಕ್ಕೆ ಹಾಕಿಕೊಡುತ್ತಾರೆ, ಕೇಳದವರಿಗೆ ಇಲ್ಲ. ಕೇಳುವವರು ಎಷ್ಟು ಜನ? ವಾಯಿದೆ ಮುಗಿದ ರಾತ್ರಿ ಹನ್ನೆರಡಕ್ಕೆ ಸರಿಯಾಗಿ ಕಟ್ ಮಾಡುವುದರಲ್ಲಿ ಮಾತ್ರ ಒಂದು ನಿಮಿಷವೂ ತಪ್ಪುವುದಿಲ್ಲ. ಆಗ ರೀಚಾರ್ಜ್ ಮಾಡಲಿಕ್ಕೂ ನೆಟ್ ಇರುವುದಿಲ್ಲ, ನಮ್ಮಂಥವರಿಗೆ ಮತ್ತೆ ಗುಡ್ಡವೇ ಗತಿ. ಒಂದು ದಿನ ಮೊದಲೇ ಕಟ್ಟುವುದು ರೂಢಿ ಮಾಡಿಕೊಂಡಿದ್ದೇನೆ. ಇನ್ನೊಂದು, ವೈಫೈ ಪಾಸ್‌ವರ್ಡ್ ಅಂತ ಎಲ್ಲರ ಮನೆಗೂ ಅವರವರ ಮೊಬೈಲ್ ನಂಬರನ್ನೇ ಇಟ್ಟು ಹೋಗುತ್ತಾರೆ. ಊರಿನಲ್ಲಿ ಯಾರ ನಂಬರು ಯಾರಿಗೆ ಗೊತ್ತಿಲ್ಲ? ಬಂದ ದಿನವೇ ಬದಲಾಯಿಸಿಕೊಳ್ಳಿ.

ಒಟ್ಟಿನಲ್ಲಿ ಐದಕ್ಕೆ ಮೂರೂವರೆ ಕೊಡುತ್ತೇನೆ. ಬೇಸಿಗೆಯಲ್ಲಿ ಬರೆದಿದ್ದರೆ ನಾಲ್ಕೂವರೆ ಆಗುತ್ತಿತ್ತು, ಜುಲೈನಲ್ಲಿ ಬರೆದಿದ್ದರೆ ಒಂದು. ಮನೆಯೊಳಗೆ ಒಳ್ಳೆ ಮೊಬೈಲ್ ಸಿಗ್ನಲ್ ಬರುವವರು, ಫೋನ್ ಮಾತ್ರ ಬಳಸುವವರು, ಇದಕ್ಕೆ ಏಳು ಸಾವಿರ ಸುರಿಯುವ ಅಗತ್ಯವಿಲ್ಲ. ಸಿಗ್ನಲ್ ಇಲ್ಲದ ಮನೆಯವರು ಯೋಚನೆ ಮಾಡದೆ ಹಾಕಿಸಿ. ಆದರೆ ಹಳೇ ಮೊಬೈಲ್ ಸಿಮ್ಮನ್ನು ಬಿಡಬೇಡಿ, ಸಣ್ಣ ರೀಚಾರ್ಜ್ ಮಾಡಿ ಇಟ್ಟುಕೊಳ್ಳಿ. ರಾತ್ರಿ ಯಾರಿಗಾದರೂ ಹುಷಾರು ತಪ್ಪಿದಾಗ ಕೆಂಪು ಲೈಟ್ ಮಿಟುಕುತ್ತಿದ್ದರೆ ಬೇರೆ ದಾರಿ ಇರಬೇಕು.

ವರ್ಷದ ಪ್ಲ್ಯಾನ್ ತಗೊಂಡರೆ ಒಂದು ತಿಂಗಳು ಫ್ರೀ ಅಂತ ಆಸೆ ತೋರಿಸುತ್ತಾರೆ. ಮೊದಲ ವರ್ಷ ತಿಂಗಳು ತಿಂಗಳೇ ಕಟ್ಟಿ. ಹಾಕಿಸುವ ಮೊದಲು ಕೇಬಲ್ ಯಜಮಾನನ ಹತ್ತಿರ ಮೂರು ವಿಷಯ ಕೇಳಿ. ಓಎಲ್‌ಟಿ ಎಲ್ಲಿದೆ? ಅಲ್ಲಿ ಕರೆಂಟ್ ಹೋದರೆ ಎಷ್ಟು ಗಂಟೆ ನಡೆಯುತ್ತದೆ? ವೈರ್ ಬೆಸೆಯುವ ಮೆಶಿನ್ ಸ್ವಂತದ್ದಾ, ಬೇರೆ ಊರಿನಿಂದ ತರಬೇಕಾ? ಕೊನೆಯದಕ್ಕೆ 'ತರ್ತೇವೆ' ಅಂತ ಉತ್ತರ ಬಂದರೆ ಇನ್ನೊಬ್ಬರನ್ನು ಹುಡುಕಿ.